ಹಳದಿಯಾಗದ ಕಾಮಾಲೆಯ ಲೆಕ್ಕ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಕಾಮಣಿ’ ಎಂದೂ ಉಳಿದೆಡೆ ‘ಕಾಮಾಲೆ’, ‘ಅರಿಸಿನ ಕಾಮಾಲೆ’ ಎಂದೂ ಬಳಕೆಯಲ್ಲಿರುವ ಪದವು ರೋಗವೊಂದನ್ನು ಹೆಸರಿಸುವುದಕ್ಕಿಂತ ಹೆಚ್ಚಾಗಿ ಒಂದು ಬಣ್ಣವನ್ನು ಹೆಸರಿಸುತ್ತದೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಹೊರಹಾಕುವುದು ಯಕೃತ್ತಿನ, ಅಂದರೆ ಜನ ಲಿವರ್ ಎನ್ನುವ ಅಂಗದ ಕೆಲಸ. ಯಾವ ಕಾರಣದಿಂದಲೇ ಆಗಲಿ ಆ ಕೆಲಸ ಕುಂದಿದರೆ ಹಳದಿಯು ಕಣ್ಣಿಗೂ ಚರ್ಮಕ್ಕೂ ಮೂತ್ರಕ್ಕೂ ಇಳಿಯುತ್ತದೆ. ಯಕೃತ್ತಿನ ಉರಿಯೂತಕ್ಕೆ ವೈದ್ಯಶಾಸ್ತ್ರದಲ್ಲಿ ಹೆಪಟೈಟಿಸ್ ಎಂದು ಹೆಸರು. ಅದನ್ನು ತರುವ ಮುಖ್ಯ ವೈರಾಣುಗಳು ಎ, ಬಿ, ಸಿ, ಡಿ, ಇ ಎಂಬ ಐದು. ಇವುಗಳಲ್ಲಿ ಎ ಮತ್ತು ಇ ಮಲಿನ ನೀರು, ಆಹಾರಗಳಿಂದ ಬಂದು ಕೆಲವು ವಾರ ಕಾಡಿ ಬಹುಪಾಲು ತಾವಾಗಿಯೇ ಇಳಿದುಹೋಗುತ್ತವೆ (ಗರ್ಭಿಣಿಯರಿಗೆ ಇ ವಿಶೇಷವಾಗಿ ಅಪಾಯಕಾರಿ). ಬಿ ಮತ್ತು ಸಿ ರಕ್ತ ಹಾಗೂ ದೇಹದ್ರವಗಳ ಮೂಲಕ ಹರಡಿ ಹಲವರಲ್ಲಿ ದಶಕಗಳ ಕಾಲ ನೆಲೆಯೂರುತ್ತವೆ. ಡಿ ಎಂಬುದು ಬಿ ಇರುವ ದೇಹದಲ್ಲಲ್ಲದೆ ಬೇರೆಲ್ಲೂ ಬದುಕಲಾರದು. ಇಷ್ಟು ಬೇರೆ ಬೇರೆ ಸ್ವಭಾವದ ರೋಗಗಳನ್ನು ಒಂದೇ ಪದದಡಿ ಕಟ್ಟಿಹಾಕಿದ ದೋಷ ಜನರ ಮಾತಿನದಷ್ಟೇ ಆಗಿರಲಿಲ್ಲ. ರೋಗಗಳ ಲೆಕ್ಕವಿಡುವ ಸರ್ಕಾರಿ ನಮೂನೆಗಳಲ್ಲಿಯೂ ಬಹುಕಾಲ ಹಾಗೆಯೇ ಇತ್ತು.

ಹುಬ್ಬಳ್ಳಿ ತಾಲೂಕಿನ ಎರೆಭೂಮಿಯ ಹೋಬಳಿ ಊರಾದ ಶಿರಗುಪ್ಪಿಯಂಥ ಕಡೆಯಿಂದ ಒಂದು ರೋಗದ ಸುದ್ದಿ ದೆಹಲಿಯವರೆಗೆ ಹೋಗುವ ದಾರಿಯನ್ನು ಗಮನಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. 2004ರ ನವೆಂಬರಿನಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ದೇಶದಲ್ಲಿ ಸಮಗ್ರ ರೋಗಗಳ ಸರ್ವೇಕ್ಷಣಾ ಯೋಜನೆ ಆರಂಭವಾದಾಗ ಅದರ ಮೊದಲ ಹಂತದಲ್ಲಿಯೇ ಕರ್ನಾಟಕವೂ ಸೇರಿತ್ತು. ಸರ್ವೇಕ್ಷಣೆಯೆಂದರೆ ರೋಗವು ಎಲ್ಲಿ, ಯಾರಿಗೆ, ಎಷ್ಟು ಬರುತ್ತಿದೆ ಎಂಬುದನ್ನು ಎಡೆಬಿಡದೆ ಗಮನಿಸಿ, ಕ್ರಮ ಕೈಗೊಳ್ಳಬೇಕಾದವರಿಗೆ ಸಕಾಲದಲ್ಲಿ ತಿಳಿಸುವ ವ್ಯವಸ್ಥೆ. ಈ ಯೋಜನೆಯಲ್ಲಿ ಊರವರು ನರ್ಸಬಾಯಿ ಎಂದು ಕರೆಯುವ ಉಪಕೇಂದ್ರದ ಆರೋಗ್ಯ ಸಹಾಯಕಿಯು ಲಕ್ಷಣಗಳನ್ನಷ್ಟೇ ನೋಡಿ ‘ಶಂಕಿತ’ ಪ್ರಕರಣಗಳನ್ನು ಎಸ್ ನಮೂನೆಯಲ್ಲಿಯೂ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ತಪಾಸಣೆಯ ಮೇಲೆ ‘ಸಂಭವನೀಯ’ ಪ್ರಕರಣಗಳನ್ನು ಪಿ ನಮೂನೆಯಲ್ಲಿಯೂ, ಪ್ರಯೋಗಾಲಯವು ಖಚಿತಗೊಂಡವನ್ನು ಎಲ್ ನಮೂನೆಯಲ್ಲಿಯೂ ವಾರಕ್ಕೊಮ್ಮೆ ಬರೆದು ಧಾರವಾಡದ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಕಳಿಸಬೇಕಿತ್ತು; ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೆ ಅಂಕಿಗಳು ಏರುತ್ತಿದ್ದವು. ಎಸ್ ನಮೂನೆಯಲ್ಲಿ ಯಕೃತ್ತಿನ ರೋಗಕ್ಕೆ ಇದ್ದ ಜಾಗ ಒಂದೇ ಸಾಲು: ನಾಲ್ಕು ವಾರಕ್ಕಿಂತ ಕಡಿಮೆ ಅವಧಿಯ ಕಾಮಾಲೆ. 2018ರ ನವೆಂಬರಿನಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಆರಂಭವಾಗಿ 2021ರ ಏಪ್ರಿಲಿನಲ್ಲಿ ದೇಶಕ್ಕೆಲ್ಲ ಹರಡಿದ ಸಮಗ್ರ ಆರೋಗ್ಯ ಮಾಹಿತಿ ವೇದಿಕೆಯು ಕಾಗದದ ಬದಲು ಕೈಯಲ್ಲಿನ ಟ್ಯಾಬ್ ತಂದಿತು, ವಾರದ ಬದಲು ದಿನದ ವರದಿ ತಂದಿತು, ಒಟ್ಟು ಸಂಖ್ಯೆಯ ಬದಲು ಒಬ್ಬೊಬ್ಬ ರೋಗಿಯ ವಿವರ ತಂದಿತು. ಆದರೂ ರೋಗಿಯು ಕಾಯಿಲೆ ಬಿದ್ದು ಆಸ್ಪತ್ರೆಗೆ ಬಂದ ಮೇಲೆ ತೆರೆದುಕೊಳ್ಳುವ ಕಣ್ಣು ಇದೆಂಬ ಮೂಲಸ್ವಭಾವ ಬದಲಾಗಲಿಲ್ಲ.

ನೀರಿನಿಂದ ಬರುವ ಕಾಮಾಲೆಗೆ ಈ ಕಣ್ಣು ಸಾಲುತ್ತದೆ. ಒಂದೇ ಓಣಿಯಲ್ಲಿ ಹದಿನೈದು ದಿನದೊಳಗೆ ಹತ್ತು ಜನರ ಕಣ್ಣು ಹಳದಿಯಾದರೆ ಕುಡಿಯುವ ನೀರಿನ ಪೈಪಿಗೆ ಚರಂಡಿ ಸೇರಿದೆಯೆಂದು ಊಹಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. 1955–56ರಲ್ಲಿ ದೆಹಲಿಯ ನೀರು ಸರಬರಾಜಿಗೆ ಕೊಳಚೆ ಸೇರಿ ಸುಮಾರು 29,000 ಜನರಿಗೆ ಕಾಮಾಲೆ ಬಂದದ್ದು ಸಾಂಕ್ರಾಮಿಕಗಳ ಇತಿಹಾಸದಲ್ಲಿ ಪ್ರಸಿದ್ಧವಾದ ಪ್ರಕರಣ. ಆಗ ತೆಗೆದಿಟ್ಟಿದ್ದ ರಕ್ತಸಾರವನ್ನು ಕಾಲು ಶತಮಾನದ ನಂತರ ಪರೀಕ್ಷಿಸಿದಾಗ ಅದು ಎಲ್ಲರೂ ನಂಬಿದ್ದಂತೆ ಎ ಅಲ್ಲವೆಂದು ತಿಳಿದು, ಮುಂದೆ ಇ ಎಂದು ಹೆಸರಾದ ವೈರಾಣುವಿನ ಸುಳಿವು ಸಿಕ್ಕಿತು. ಹುಬ್ಬಳ್ಳಿ-ಧಾರವಾಡದ ಮಟ್ಟಿಗೂ ಇಂಥ ಎಚ್ಚರ ಅನಗತ್ಯವಲ್ಲ. ಕೆಲವು ವಾರ್ಡುಗಳಿಗೆ ದಿನವಿಡೀ ನೀರು, ಉಳಿದವಕ್ಕೆ ಕೆಲವು ದಿನಗಳಿಗೊಮ್ಮೆ ನೀರು ಎಂಬ ಸ್ಥಿತಿಯಿದ್ದಾಗ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಅವಳಿನಗರದ ನಳಗಳ ನೀರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ಬರುವ ನೀರಿನ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಕಂಡರೆ, ನಿರಂತರ ನೀರಿನಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆಯಿತ್ತು. ಹೀಗಾಗಿ ಇಲ್ಲಿನ ಆರೋಗ್ಯ ಸಿಬ್ಬಂದಿಗೆ ಕಾಮಣಿಯೆಂದರೆ ಮೊದಲು ನೀರು ನೆನಪಾಗುವುದು ಸಹಜವೇ ಆಗಿದೆ.

ಹೆಪಟೈಟಿಸ್ ಬಿ ಈ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಅದರ ವಿಚಿತ್ರವಾದ ವಯೋಧರ್ಮ. ದೊಡ್ಡವರಿಗೆ ಈ ಸೋಂಕು ತಗುಲಿದರೆ ಮೂವರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರವರೆಗೆ ಕಾಮಾಲೆ, ವಾಕರಿಕೆ, ಆಯಾಸಗಳು ಕಾಣಿಸುತ್ತವೆ. ಆದರೆ ಅವರ ದೇಹದ ರಕ್ಷಣಾಪಡೆ ಎಚ್ಚತ್ತು ಹೋರಾಡುವುದರಿಂದ ನೂರಕ್ಕೆ 95ಕ್ಕೂ ಹೆಚ್ಚು ಜನ ಆರು ತಿಂಗಳೊಳಗೆ ವೈರಾಣುವನ್ನು ಹೊರದೂಡಿ ಬಾಳಿಡೀ ರಕ್ಷಣೆ ಪಡೆಯುತ್ತಾರೆ. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ಪಡೆದ ಶಿಶುವಿನ ಕತೆ ಇದಕ್ಕೆ ನೇರ ವಿರುದ್ಧ. ಶಿಶುವಿನ ರಕ್ಷಣಾಪಡೆಗೆ ವೈರಾಣುವನ್ನು ಪರಕೀಯವೆಂದು ಗುರುತಿಸುವ ಬಲ ಇನ್ನೂ ಬಂದಿರದ ಕಾರಣ ಮೈ ಹಳದಿಯಾಗುವುದಿಲ್ಲ, ಜ್ವರ ಬರುವುದಿಲ್ಲ, ಮಗು ಹಾಲು ಕುಡಿದು ಆಡಿಕೊಂಡಿರುತ್ತದೆ. ಆದರೆ ಇಂಥ ಮಕ್ಕಳಲ್ಲಿ ನೂರಕ್ಕೆ 90ರಷ್ಟು ಮಂದಿಯಲ್ಲಿ ಸೋಂಕು ಶಾಶ್ವತವಾಗಿ ಉಳಿದು, ಅವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಮೂವತ್ತು, ನಲವತ್ತು, ಐವತ್ತರ ವಯಸ್ಸಿನಲ್ಲಿ ಯಕೃತ್ತು ಗಂಟುಗಂಟಾಗಿ ಬಿಗಿದುಹೋಗುವ ಸಿರೋಸಿಸ್‌ಗೋ ಯಕೃತ್ತಿನ ಕ್ಯಾನ್ಸರಿಗೋ ಬಲಿಯಾಗುತ್ತಾರೆ. ಆದ್ದರಿಂದ ಕಾಮಾಲೆಯ ದಾಖಲೆಯಿಂದ ಹೆಪಟೈಟಿಸ್ ಬಿಯನ್ನು ಎಣಿಸಲು ಹೊರಟವರು ಗುಣವಾಗಲಿರುವವರನ್ನು ಎಣಿಸಿ, ಮುಂದೆ ಸಾಯಲಿರುವವರನ್ನು ಬಿಟ್ಟುಬಿಡುತ್ತಾರೆ. ಸಣ್ಣಪುಟ್ಟ ತಿದ್ದುಪಡಿಯಿಂದ ಸರಿಹೋಗುವ ಕೊರತೆ ಇದಲ್ಲ. ರೋಗವನ್ನು ರೋಗಿಗಳ ನಡುವೆ ಹುಡುಕುವ ಕ್ರಮವೇ ಇಲ್ಲಿ ಸಲ್ಲದು.

ರಕ್ತಪರೀಕ್ಷೆಯೊಂದೇ ದಾರಿಯೆಂದಾದ ಮೇಲೆ, ಯಾವ ಪರೀಕ್ಷೆ ಎಂಬ ಪ್ರಶ್ನೆ ಬರುತ್ತದೆ. ವೈರಾಣುವಿನ ಹೊರಕವಚದ ಪ್ರೋಟೀನು ರಕ್ತದಲ್ಲಿ ಧಾರಾಳವಾಗಿ ಸುರಿಯುತ್ತದೆ. ಇದಕ್ಕೆ ಮೇಲ್ಮೈ ಪ್ರತಿಜನಕ ಎಂದು ಹೆಸರು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಕಾರ್ಡ್ ಪರೀಕ್ಷೆಯಿಂದ ಅರ್ಧ ಗಂಟೆಯೊಳಗೆ ಇದನ್ನು ಕಾಣಬಹುದು. ಇದು ಕಂಡರೆ ಸೋಂಕಿದೆಯೆಂದರ್ಥ. ಸೋಂಕು ಕಳೆದ ತಿಂಗಳು ಬಂದದ್ದೋ ಹುಟ್ಟಿದಾಗಲೇ ಬಂದದ್ದೋ ಎಂಬುದನ್ನು ಅದು ಹೇಳದು. ಹೊಸ ಸೋಂಕನ್ನು ತಿಳಿಯಲು ವೈರಾಣುವಿನ ಒಳತಿರುಳಿನ ವಿರುದ್ಧ ದೇಹವು ಮೊದಲ ತಿಂಗಳುಗಳಲ್ಲಿ ಮಾತ್ರ ಹುಟ್ಟಿಸುವ ಐಜಿಎಂ ಎಂಬ ಬಗೆಯ ಪ್ರತಿಕಾಯವನ್ನು ನೋಡಬೇಕು. ಹಳೆಯದೆಂದು ನಿರ್ಧರಿಸಲು ಆರು ತಿಂಗಳ ನಂತರವೂ ಪ್ರತಿಜನಕ ಉಳಿದಿದೆಯೇ ಎಂದು ಮತ್ತೆ ಪರೀಕ್ಷಿಸಬೇಕು. ಈ ಭೇದವನ್ನು ಮಾಡದೆ ಹೋದರೆ, ಒಂದು ತಾಲೂಕಿನಲ್ಲಿ ಪರೀಕ್ಷೆಗಳು ಹೆಚ್ಚಾದ ವರ್ಷವೇ ಅಲ್ಲಿ ರೋಗ ಉಲ್ಬಣಿಸಿದಂತೆ ಕಾಗದದ ಮೇಲೆ ಕಂಡು, ನಿಜವಾಗಿ ಸೂಜಿಯ ಮರುಬಳಕೆಯಿಂದ ಸೋಂಕು ಹಬ್ಬುತ್ತಿರುವ ಊರು ಗಮನಕ್ಕೇ ಬಾರದೆ ಉಳಿಯುತ್ತದೆ. 2009ರಲ್ಲಿ ಗುಜರಾತಿನ ಮೊಡಾಸಾ ಪಟ್ಟಣದ ಸುತ್ತ ಹೀಗೆ ಬಳಸಿದ ಸಿರಿಂಜುಗಳಿಂದ ನೂರಾರು ಜನ ಸೋಂಕಿತರಾಗಿ ಹಲವರು ಸತ್ತ ಮೇಲೆ ವಿಷಯ ಬಯಲಾಯಿತು. ವೈರಾಣು ಒಣಗಿದ ರಕ್ತದಲ್ಲಿಯೂ ಏಳು ದಿನ ಜೀವ ಹಿಡಿದಿರಬಲ್ಲದೆಂಬುದನ್ನು ನೆನೆದರೆ ಕ್ಷೌರದ ಬ್ಲೇಡು, ಹಚ್ಚೆಯ ಸೂಜಿ, ತೊಳೆದಿಟ್ಟ ಇಂಜೆಕ್ಷನ್ನುಗಳ ವಿಷಯದಲ್ಲಿ ಇರುವ ಭಯ ಉತ್ಪ್ರೇಕ್ಷೆಯೆನಿಸದು.

ಈ ವೈರಾಣುವಿನ ಶೋಧವೇ ರೋಗಿಗಳಿಂದ ಹೊರಟದ್ದಲ್ಲ ಎಂಬುದು ಇಲ್ಲಿ ಉಲ್ಲೇಖನೀಯ. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಬೇರೆ ಬೇರೆ ಜನಾಂಗಗಳ ರಕ್ತದಲ್ಲಿನ ಆನುವಂಶಿಕ ಭೇದಗಳನ್ನು ತಿಳಿಯಲು ಲೋಕದ ಮೂಲೆಮೂಲೆಯಿಂದ ಆರೋಗ್ಯವಂತರ ರಕ್ತಸಾರವನ್ನು ಸಂಗ್ರಹಿಸುತ್ತಿದ್ದಾಗ, 1960ರ ದಶಕದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅಪರಿಚಿತವಾದ ಪ್ರೋಟೀನೊಂದು ಕಂಡುಬಂದು, ಅದಕ್ಕೆ ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಹೆಸರಾಯಿತು; ಅದು ಹೆಪಟೈಟಿಸ್ ಬಿ ವೈರಾಣುವಿನ ಕವಚವೆಂಬುದು ಆಮೇಲೆ ತಿಳಿದದ್ದು. 1976ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು, ಅವರು ಹುಟ್ಟಿದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ. ಕನ್ನಡನಾಡಿನ ಹಳ್ಳಿಗಳಲ್ಲಿ ಕಾಮಾಲೆಗೆ ಹಾಲು ಮಜ್ಜಿಗೆಯಲ್ಲಿ ಅರೆದು ಕೊಡುವ ನೆಲನೆಲ್ಲಿಗೂ ಈ ಹೆಸರಿಗೂ ಒಂದು ನಂಟಿದೆ. ಚೆನ್ನೈಯ ಎಸ್. ಪಿ. ತ್ಯಾಗರಾಜನ್ ಮತ್ತು ಬ್ಲಂಬರ್ಗ್ ಸೇರಿ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಲ್ಲಿ, ನೆಲನೆಲ್ಲಿಯ ಪುಡಿ ತೆಗೆದುಕೊಂಡ 37 ಸೋಂಕಿತರಲ್ಲಿ 22 ಜನರ ರಕ್ತದಿಂದ ಪ್ರತಿಜನಕ ಮಾಯವಾಯಿತೆಂದು ಹೇಳಿದ್ದರು. ಜಗತ್ತು ಕುತೂಹಲದಿಂದ ಕಾಯಿತು. ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಮದ್ದಿನ ಕೀರ್ತಿ ಮಾತ್ರ ಹಳ್ಳಿಗಳಲ್ಲಿ ಕುಗ್ಗಿಲ್ಲ, ಏಕೆಂದರೆ ನೀರಿನ ಕಾಮಾಲೆಯೂ ದೊಡ್ಡವರ ಬಿ ಸೋಂಕೂ ಮದ್ದಿಲ್ಲದೆಯೇ ಇಳಿಯುತ್ತವೆ, ಯಶಸ್ಸು ಕೊನೆಗೆ ಕೊಟ್ಟ ಬೇರಿಗೆ ಸಲ್ಲುತ್ತದೆ. ಮೈಗೆ ಬರೆ ಎಳೆಯುವ ಪದ್ಧತಿಗೂ ಇದೇ ತರ್ಕ ಆಧಾರವಾಗಿ ನಿಂತಿದೆ.

ಹಾಗಾದರೆ ದೇಶದಲ್ಲಿ ಸೋಂಕಿತರು ಎಷ್ಟು? ಸರ್ಕಾರಿ ದಾಖಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಅಂದಾಜು 4 ಕೋಟಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಜಾಗತಿಕ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ, ಭಾರತದಲ್ಲಿ 2.98 ಕೋಟಿ, ಚೀನಾದ ನಂತರದ ಸ್ಥಾನ ಭಾರತದ್ದೇ. 2015–16ರ ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಚ್‌ಐವಿ ಪರೀಕ್ಷೆಗೆಂದು ಕಾಗದದ ಮೇಲೆ ಒಣಗಿಸಿ ಇಟ್ಟಿದ್ದ ರಕ್ತದ ಹನಿಗಳನ್ನು ಮತ್ತೆ ಬಳಸಿಕೊಂಡು ನಡೆದ ರಾಷ್ಟ್ರೀಯ ರಕ್ತಸಾರ ಸಮೀಕ್ಷೆಯು ನೂರಕ್ಕೆ 0.95 ಎಂಬ ಪ್ರಮಾಣವನ್ನು ಕೊಟ್ಟಿತು. ದೇಶದ ಜನಸಂಖ್ಯೆಗೆ ಹಿಗ್ಗಿಸಿದರೆ ಅದು ಒಂದೂಕಾಲು ಕೋಟಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ನಾಲ್ಕು ಕೋಟಿಗೂ ಒಂದೂಕಾಲು ಕೋಟಿಗೂ ಇರುವ ಅಂತರ ಕೆಲವು ರಾಜ್ಯಗಳ ಜನಸಂಖ್ಯೆಯಷ್ಟಿದೆ ಎಂಬುದು ಯಾರನ್ನಾದರೂ ಕಕ್ಕಾಬಿಕ್ಕಿಗೊಳಿಸಬೇಕು. ಆದರೆ ಇವು ಒಂದೇ ವಸ್ತುವನ್ನು ಮೂರು ಸಲ ತೂಗಿದ ಅಂಕಿಗಳಲ್ಲ. ಹಳೆಯ ಅಂದಾಜು ಬಹುಮಟ್ಟಿಗೆ ಆಸ್ಪತ್ರೆ, ರಕ್ತನಿಧಿ, ಅಲ್ಲಲ್ಲಿನ ಸಣ್ಣ ಅಧ್ಯಯನಗಳನ್ನು ಜೋಡಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆಯದು ಲಭ್ಯ ಮಾಹಿತಿಯ ಮೇಲೆ ಗಣಿತದ ಮಾದರಿಯಿಂದ ಕಟ್ಟಿದ್ದು. ಮೂರನೆಯದು ಮಾತ್ರ ಮನೆಮನೆಯ ಮಾದರಿ, ಆದರೆ ಒಣ ಹನಿಯಲ್ಲಿ ಪ್ರತಿಜನಕ ತೀರ ಅಲ್ಪವಾಗಿದ್ದರೆ ಪರೀಕ್ಷೆಗೆ ಸಿಗದೆಯೂ ಹೋಗಬಹುದು. ಈ ಮೂರರಲ್ಲಿ ಹೆಚ್ಚು ಗೌರವಕ್ಕೆ ಅರ್ಹವಾದದ್ದು ಕೊನೆಯದೇ. ಅದರ ಅಂಕಿ ಚಿಕ್ಕದೆಂಬುದು ಅದಕ್ಕೆ ಕಾರಣವಲ್ಲ, ಅದೇ ಬಗೆಯ ಅಳತೆಯನ್ನು ಹತ್ತು ವರ್ಷದ ನಂತರ ಮತ್ತೊಮ್ಮೆ ಮಾಡಿ ಹೋಲಿಸಲು ಬರುತ್ತದೆಂಬುದು ಕಾರಣ. ಸರಾಸರಿಯ ಕೆಳಗೆ ಅಡಗಿರುವ ಏರಿಳಿತಗಳೂ ಸಣ್ಣವಲ್ಲ. ಅಂಡಮಾನ್-ನಿಕೋಬಾರದ ಮೂಲನಿವಾಸಿಗಳಲ್ಲಿ ದೇಶದ ಸರಾಸರಿಗಿಂತ ಹಲವು ಪಟ್ಟು ಸೋಂಕು ಕಂಡುಬಂದಿದೆ.

ಸಮೀಕ್ಷೆಗಳ ನಡುವಿನ ವರ್ಷಗಳಲ್ಲಿ ಉಳಿದ ಕಿಟಕಿಗಳನ್ನೇ ನೆಚ್ಚಬೇಕು. ರಕ್ತನಿಧಿಗಳಲ್ಲಿ ದಾನ ಬಂದ ಪ್ರತಿಯೊಂದು ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸುವುದು ಕಡ್ಡಾಯವಾದ್ದರಿಂದ ಅಲ್ಲಿ ಅಂಕಿಗಳಿಗೆ ಕೊರತೆಯಿಲ್ಲ, ಆದರೆ ದಾನಿಗಳು ಬಹುಪಾಲು ಆರೋಗ್ಯವಂತ ತರುಣ ಗಂಡಸರು, ಸೋಂಕಿದೆಯೆಂದು ಬಲ್ಲವರು ಆ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸುತ್ತಿರುವ ಜನಸಂಖ್ಯಾ ಕ್ಯಾನ್ಸರ್ ನೋಂದಣಿಯಂಥ ದಾಖಲೆಗಳು ಯಕೃತ್ತಿನ ಕ್ಯಾನ್ಸರನ್ನು ಎಣಿಸುತ್ತವೆ, ಆದರೆ ಅಲ್ಲಿ ಇಂದು ಕಾಣುವುದು ಮೂವತ್ತು, ನಲವತ್ತು ವರ್ಷಗಳ ಹಿಂದೆ ಹೆರಿಗೆ ಕೋಣೆಯಲ್ಲಿ ನಡೆದುಹೋದ ಸಂಗತಿ. ಇವೆರಡಕ್ಕಿಂತ ನೆಚ್ಚಬಹುದಾದ ಕಿಟಕಿ ಗರ್ಭಿಣಿಯರ ತಪಾಸಣೆ. ಬಡವರು, ಉಳ್ಳವರು, ಹಳ್ಳಿ, ಪೇಟೆ ಎನ್ನದೆ ಎಲ್ಲ ಬಗೆಯ ಹೆಣ್ಣುಮಕ್ಕಳೂ ಅಲ್ಲಿಗೆ ಬರುತ್ತಾರೆ, ರೋಗವಿದೆಯೆಂದು ಬಾರದೆ ಬಸಿರೆಂದು ಬರುತ್ತಾರೆ. ಎಚ್‌ಐವಿಗೆಂದು ದಶಕಗಳಿಂದ ಆಯ್ದ ಕೇಂದ್ರಗಳಲ್ಲಿ ನಡೆದುಬಂದ ಗರ್ಭಿಣಿಯರ ಕಾವಲು ಸಮೀಕ್ಷೆಗೆ 2021ರ ಸುತ್ತಿನಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನೂ ಸೇರಿಸಲಾಯಿತು. ಹೊಸ ಕಚೇರಿ, ಹೊಸ ಸಿಬ್ಬಂದಿ ಕೇಳದೆ ಅದೇ ರಕ್ತದಿಂದ ಎರಡನೆಯ ಉತ್ತರ ಪಡೆದ ಈ ಕ್ರಮ ಸರ್ಕಾರಿ ವ್ಯವಹಾರದಲ್ಲಿ ಅಪರೂಪಕ್ಕೆ ಕಾಣುವ ಮಿತವ್ಯಯ.

ಎಣಿಕೆಯ ಉದ್ದೇಶ ಕೊನೆಗೆ ತಡೆಯುವುದು, ತಡೆಗೆ ಲಸಿಕೆಯಿದೆ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶೀಯ ಲಸಿಕೆಯನ್ನು ಮಾರುಕಟ್ಟೆಗೆ ತಂದ ಮೇಲೆ ಬೆಲೆ ಕೈಗೆಟುಕುವಂತಾಗಿ, 2002–03ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಸರ್ಕಾರಿ ಲಸಿಕೆ 2007–08ರಲ್ಲಿ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಿಗೂ 2011–12ರಲ್ಲಿ ಇಡೀ ದೇಶಕ್ಕೂ ಹರಡಿತು. ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸ್, ಆಮೇಲೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾವೇಲೆಂಟ್ ಲಸಿಕೆಯೊಳಗೆ ಮೂರು ಡೋಸ್. ಹೀಗೆ ಲಸಿಕೆ ಪಡೆದ ಮೊದಲ ತಲೆಮಾರು ಈಗ ಕಾಲೇಜಿನ ಮೆಟ್ಟಿಲೇರಿದೆ, ಅವರ ತಾಯಿತಂದೆಯರ ತಲೆಮಾರು ಬಹುತೇಕ ಲಸಿಕೆಯಿಲ್ಲದ್ದು. ಒಂದೇ ಮನೆಯ ಪಡಸಾಲೆಯಲ್ಲಿ ಎರಡು ಬೇರೆ ಬೇರೆ ರೋಗಚರಿತ್ರೆಗಳು ಕೂತಿರುತ್ತವೆ. ಲಸಿಕೆ ಫಲಿಸಿತೇ ಎಂಬುದನ್ನು ಕೊಟ್ಟ ಸೂಜಿಗಳ ಲೆಕ್ಕಕ್ಕಿಂತ ಮಕ್ಕಳ ರಕ್ತ ಚೆನ್ನಾಗಿ ಹೇಳುತ್ತದೆ. ಚೀನಾ ದೇಶವ್ಯಾಪಿ ಸಮೀಕ್ಷೆಯನ್ನು 1992, 2006, 2014ರಲ್ಲಿ ಮತ್ತೆ ಮತ್ತೆ ಮಾಡಿದ್ದರಿಂದಲೇ, ಒಂದು ಕಾಲಕ್ಕೆ ನೂರಕ್ಕೆ ಸುಮಾರು ಹತ್ತರಷ್ಟಿದ್ದ ಸೋಂಕು ಐದು ವರ್ಷದೊಳಗಿನ ಮಕ್ಕಳಲ್ಲಿ 2006ಕ್ಕೆ ನೂರಕ್ಕೆ ಒಂದಕ್ಕೂ 2014ಕ್ಕೆ 0.3ಕ್ಕೂ ಇಳಿದದ್ದನ್ನು ಜಗತ್ತಿಗೆ ತೋರಿಸಲು ಸಾಧ್ಯವಾಯಿತು. ಭಾರತದ ನೆರೆಯ ಬಾಂಗ್ಲಾದೇಶ, ಭೂತಾನ್, ನೇಪಾಳಗಳು ಮಕ್ಕಳಲ್ಲಿ ಸೋಂಕನ್ನು ನೂರಕ್ಕೆ ಒಂದಕ್ಕಿಂತ ಕೆಳಗಿಳಿಸಿದ್ದನ್ನು 2019ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆ ಪರಿಶೀಲಿಸಿ ಒಪ್ಪಿತ್ತು.

ನಾಲ್ಕು ಡೋಸುಗಳಲ್ಲಿ ಅತಿ ಮುಖ್ಯವಾದ ಮೊದಲನೆಯದೇ ಅತಿ ಸುಲಭವಾಗಿ ತಪ್ಪಿಹೋಗುತ್ತದೆ. ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುವುದರಿಂದ ಇದಕ್ಕೆ ಮನೆಹೆರಿಗೆಯನ್ನು ದೂರುವಂತಿಲ್ಲ. ಹತ್ತು ಡೋಸಿನ ಶೀಶೆಯನ್ನು ಒಂದೇ ಮಗುವಿಗೆಂದು ತೆರೆದರೆ ಒಂಬತ್ತು ಹಾಳಾದೀತೆಂಬ ಭಯ, ರಾತ್ರಿಯ ಪಾಳಿಯಲ್ಲಿ ಲಸಿಕೆಯ ಫ್ರಿಜ್ಜಿನ ಕೀಲಿ ಇಲ್ಲದಿರುವುದು, ರಜೆಯ ದಿನ, ಇಂಥ ಸಣ್ಣ ಕಾರಣಗಳೇ ಹೆಚ್ಚು. ತೆರೆದ ಶೀಶೆಯನ್ನು ತಣ್ಣಗೆ ಜೋಪಾನವಾಗಿಟ್ಟರೆ ನಾಲ್ಕು ವಾರದವರೆಗೆ ಬಳಸಬಹುದೆಂಬ ನಿಯಮವೇ ಇದೆ. ಮಂಜುಗಟ್ಟಿದ ಲಸಿಕೆ ಮಾತ್ರ ಕೆಲಸಕ್ಕೆ ಬಾರದು. 2ರಿಂದ 8 ಡಿಗ್ರಿಯ ನಡುವೆ ಇಡಬೇಕಾದ ಇದನ್ನು ಅತಿಕಾಳಜಿಯಿಂದ ಹಿಮಕ್ಕೆ ಒತ್ತಿ ಇಟ್ಟವರು ಕೆಡಿಸಿದವರೇ ಆಗುತ್ತಾರೆ.

2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವು ಎಣಿಕೆಗೆ ಚಿಕಿತ್ಸೆಯನ್ನು ಕಟ್ಟಿತು. ಪರೀಕ್ಷೆ, ವೈರಾಣುವಿನ ಪ್ರಮಾಣವನ್ನಳೆಯುವ ಡಿಎನ್‌ಎ ಪರೀಕ್ಷೆ, ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ಉಚಿತವಾದವು. ಈ ಮಾತ್ರೆಗಳು ವೈರಾಣುವನ್ನು ಬೇರುಸಹಿತ ಕೀಳಲಾರವು, ಆದರೆ ಅದುಮಿಡಬಲ್ಲವು, ಆದ್ದರಿಂದ ಹಲವರು ಸಕ್ಕರೆ ಕಾಯಿಲೆಯವರಂತೆ ಬಾಳಿಡೀ ನುಂಗಬೇಕಾಗುತ್ತದೆ. ಸೋಂಕಿತರೆಲ್ಲರಿಗೂ ಮಾತ್ರೆ ಬೇಕೆಂದಿಲ್ಲ, ಆದರೆ ಎಲ್ಲರಿಗೂ ನಿಯತವಾದ ತಪಾಸಣೆ ಬೇಕು. ಜಗತ್ತಿನಾದ್ಯಂತ 2022ರ ಕೊನೆಗೆ ತಮಗೆ ಸೋಂಕಿದೆಯೆಂದು ತಿಳಿದವರು ನೂರಕ್ಕೆ 13, ಚಿಕಿತ್ಸೆಯಲ್ಲಿದ್ದವರು ನೂರಕ್ಕೆ ಸುಮಾರು 3 ಮಾತ್ರ. ಖಾಸಗಿ ಪ್ರಯೋಗಾಲಯದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನವೋ ವಿದೇಶದ ಕೆಲಸದ ವೈದ್ಯಕೀಯ ತಪಾಸಣೆಯಲ್ಲೋ ಸೋಂಕು ತಿಳಿದವರು, ಊಟದ ತಟ್ಟೆಯಿಂದಲೂ ಕೈಕುಲುಕುವುದರಿಂದಲೂ ಇದು ಹರಡುವುದಿಲ್ಲವೆಂಬುದನ್ನು ಅರಿಯದ ನೆರೆಹೊರೆಗೆ ಅಂಜಿ, ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗುವುದೇ ಹೆಚ್ಚು. ಹೆಸರು ಗುಟ್ಟಾಗಿ ಉಳಿಯುವುದೆಂಬ ನಂಬಿಕೆ ಇಲ್ಲದ ಕಡೆ ಯಾವ ನೋಂದಣಿಯೂ ಪೂರ್ಣವಾಗದು.

ಈ ಎಲ್ಲ ಏರ್ಪಾಡುಗಳು ಒಂದು ಹೆರಿಗೆಯಲ್ಲಿ ಸಂಧಿಸುತ್ತವೆ. ಗರ್ಭಿಣಿಯ ಪರೀಕ್ಷೆಯಲ್ಲಿ ಸೋಂಕು ಕಂಡು ವೈರಾಣುವಿನ ಪ್ರಮಾಣ ಹೆಚ್ಚಿದ್ದರೆ ಏಳನೆಯ ತಿಂಗಳಿನಿಂದ ತಾಯಿಗೆ ಟೆನೊಫೊವಿರ್, ಮಗು ಹುಟ್ಟಿದೊಡನೆ, ಸಾಧ್ಯವಾದರೆ 12 ಗಂಟೆಯೊಳಗೆ, ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಸಿದ್ಧ ಪ್ರತಿಕಾಯಗಳಾದ ಇಮ್ಯುನೊಗ್ಲೋಬ್ಯುಲಿನ್ ಕೊಡಬೇಕು. ಇವಿಲ್ಲದಿದ್ದರೆ ವೈರಾಣುವಿನ ಪ್ರಮಾಣ ಹೆಚ್ಚಿರುವ ತಾಯಂದಿರ ಹತ್ತು ಮಕ್ಕಳಲ್ಲಿ ಏಳರಿಂದ ಒಂಬತ್ತಕ್ಕೆ ರೋಗ ದಾಟುತ್ತದೆ. ಉತ್ತರ ಕರ್ನಾಟಕದಲ್ಲಿ ಚೊಚ್ಚಿಲ ಹೆರಿಗೆ ತವರಿನಲ್ಲಾಗುವುದು ರೂಢಿ. ಶಿರಗುಪ್ಪಿಯ ಸೊಸೆಯಾಗಿ ರಕ್ತಪರೀಕ್ಷೆ ಮಾಡಿಸಿಕೊಂಡವಳು ಕುಬಸದ (ಸೀಮಂತದ) ನಂತರ ಗದಗ ಜಿಲ್ಲೆಯ ಮಗಳಾಗಿ ಹೆರುತ್ತಾಳೆ, ತಿಂಗಳುಗಳ ಬಾಣಂತನ ಮುಗಿಸಿ ಮತ್ತೆ ಮರಳುತ್ತಾಳೆ. ಒಂದು ಜಿಲ್ಲೆಯ ಕಡತದಲ್ಲಿ ಸೋಂಕಿತ ಗರ್ಭಿಣಿಯೊಬ್ಬಳು ಹೆರದೆ ಉಳಿಯುತ್ತಾಳೆ, ಇನ್ನೊಂದು ಜಿಲ್ಲೆಯ ಕಡತದಲ್ಲಿ ಸೋಂಕಿನ ಸುಳಿವಿಲ್ಲದ ತಾಯಿಗೆ ಮಗು ಹುಟ್ಟುತ್ತದೆ. ಎರಡನ್ನೂ ಬೆಸೆಯಬಲ್ಲದ್ದು ಅವಳ ಕೈಚೀಲದಲ್ಲಿರುವ ತಾಯಿ ಕಾರ್ಡ್ ಮತ್ತು ಅದರ ಸಂಖ್ಯೆ. ಆ ಮಗುವಿಗೆ ಒಂಬತ್ತು ತಿಂಗಳು ಕಳೆದ ಮೇಲೆ, ಒಂದು ವರ್ಷದ ಆಸುಪಾಸಿನಲ್ಲಿ, ಪ್ರತಿಜನಕ ಇದೆಯೇ, ರಕ್ಷಕ ಪ್ರತಿಕಾಯ ಹುಟ್ಟಿದೆಯೇ ಎಂದು ನೋಡುವ ರಕ್ತಪರೀಕ್ಷೆಯಾಗಬೇಕು. ಆ ಹೊತ್ತಿಗೆ ಮಗು ಶಿರಗುಪ್ಪಿಯ ಅಂಗನವಾಡಿಯ ಪಟ್ಟಿಯಲ್ಲಿರುತ್ತದೆ, ಮೈಯಲ್ಲಿ ಯಾವ ಹಳದಿಯೂ ಇರುವುದಿಲ್ಲ. ಪರೀಕ್ಷೆಗೆ ಕರೆದೊಯ್ಯಬೇಕೆಂಬುದು ಕಾರ್ಡಿನಲ್ಲಿ ಬರೆದಿದ್ದರೆ ಮಾತ್ರ ಆಶಾ ಕಾರ್ಯಕರ್ತೆಗೆ ಗೊತ್ತಾಗುತ್ತದೆ.